ಬರೀ ಆಟ ಆಡಿಸುತ್ತಾರೆ, ಇದಕ್ಕೂ ದುಡ್ಡೇ?

ಓದುಗರ ಪ್ರಶ್ನೆ, ಮಕ್ಕಳ ಥೆರಪಿಸ್ಟ್ ಉತ್ತರ

(ಹದಿನೇಳು ವರ್ಷಗಳಿಂದ ಬಳ್ಳಾರಿಯಲ್ಲಿ ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿ ನೀಡುತ್ತಿರುವವರು ಈ ಸಂಚಿಕೆಯ ಪತ್ರಗಳಿಗೆ ಉತ್ತರಿಸಿದ್ದಾರೆ. ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.)

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಮಾತು ಕಡಿಮೆ. ತುದಿಗಾಲಲ್ಲಿ ನಡೆಯುತ್ತಾನೆ, ನಿಂತಲ್ಲೇ ಗಿರಗಿರ ತಿರುಗುತ್ತಾನೆ, ಕರೆದರೆ ತಿರುಗಿ ನೋಡುವುದಿಲ್ಲ. ಡಾಕ್ಟರು ಆಟಿಸಂ ಎಂದು ಹೇಳಿ ಆಕ್ಯುಪೇಷನಲ್ ಥೆರಪಿಗೆ ಕಳಿಸಿದರು. ಎರಡು ತಿಂಗಳಿನಿಂದ ವಾರಕ್ಕೆ ಎರಡು ಸಲ ಬಸ್ ಹತ್ತಿ ಬಳ್ಳಾರಿಗೆ ಬರುತ್ತಿದ್ದೇವೆ. ಅಲ್ಲಿ ಜೋಕಾಲಿ ಆಡಿಸುತ್ತಾರೆ, ಅಕ್ಕಿ ತುಂಬಿದ ಟಬ್ಬಿನಲ್ಲಿ ಕೂರಿಸುತ್ತಾರೆ, ದೊಡ್ಡ ಚೆಂಡಿನ ಮೇಲೆ ಮಲಗಿಸಿ ಉರುಳಿಸುತ್ತಾರೆ. ‘ಇದನ್ನು ನಮ್ಮ ಅಂಗಳದಲ್ಲೇ ಆಡುತ್ತಾನಲ್ಲ, ಇದಕ್ಕೂ ದುಡ್ಡೇ?’ ಎಂದು ನಮ್ಮ ತಾಯಿ ಕೇಳುತ್ತಾರೆ. ನಾನು ಹಮಾಲಿ ಮಾಡುವವನು. ಬಂದ ದಿನದ ಕೂಲಿಯೂ ಹೋಗುತ್ತದೆ. ತಾಯಿಗೆ ಏನು ಹೇಳಲಿ? — ಸಿರುಗುಪ್ಪ

ಉತ್ತರ: ಅಣ್ಣಾ, ನಿಮ್ಮ ತಾಯಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೂಲಿ ಬಿಟ್ಟು ಬರುವವರಿಗೆ ಲೆಕ್ಕ ಒಪ್ಪಿಸಬೇಕಾದದ್ದು ನಮ್ಮಂಥವರ ಕರ್ತವ್ಯ. ಆದ್ದರಿಂದ ಆ ಜೋಕಾಲಿಯ ಮೇಲೆ ಏನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ತಾಯಿಯವರಿಗೆ ಓದಿ ಹೇಳಿ.

ನನ್ನ ಬಳಿ ಬರುವ ಹುಡುಗನೊಬ್ಬನಿಗೂ ನಿಮ್ಮ ಮಗನಷ್ಟೇ ವಯಸ್ಸು. ಬಟ್ಟೆಯ ಜೋಕಾಲಿಯಲ್ಲಿ ಕೂರಿಸಿ ಎರಡು ಸಲ ತೂಗುತ್ತೇನೆ, ಆಮೇಲೆ ಹಿಡಿದು ನಿಲ್ಲಿಸುತ್ತೇನೆ. ಮಾತನಾಡುವುದಿಲ್ಲ, ಅವನ ಮುಖದ ಮಟ್ಟಕ್ಕೆ ಕುಳಿತು ಕಾಯುತ್ತೇನೆ. ಮೊದಲ ಮೂರು ವಾರ ಅವನು ನನ್ನ ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ನಾಲ್ಕನೇ ವಾರ ಒಂದು ದಿನ ಕೈ ಚಾಚಿ ನನ್ನ ಮಣಿಕಟ್ಟನ್ನು ತಳ್ಳಿದ. ಮತ್ತೆ ತೂಗು ಎಂದು ಕೇಳಿದ್ದು ಅದು! ಬಾಯಲ್ಲಿ ಬರುವ ಮಾತಿಗಿಂತ ಮುಂಚೆ ಬರುವ ಮಾತು. ಆ ಕ್ಷಣವೇ ತೂಗಿದೆ. ಇನ್ನೆರಡು ವಾರಕ್ಕೆ ಕೈಯ ಜೊತೆ ಕಣ್ಣೂ ನನ್ನ ಕಡೆ ಬಂತು. ಈಗ ನಾನು ‘ಒಂದು, ಎರಡು’ ಎಂದು ನಿಲ್ಲಿಸಿದರೆ ‘ಮೂ’ ಎನ್ನುತ್ತಾನೆ. ಅಂಗಳದ ಜೋಕಾಲಿಗೂ ನಮ್ಮ ಜೋಕಾಲಿಗೂ ಇರುವ ವ್ಯತ್ಯಾಸ ಆ ನಿಲ್ಲಿಸಿ ಕಾಯುವುದರಲ್ಲಿದೆ.

ಇನ್ನು ದೇಹದ ಮಾತು. ಒಳಕಿವಿಯಲ್ಲಿ ಸಮತೋಲ, ಚಲನೆ, ಓಲಾಟವನ್ನು ಅಳೆಯುವ ಭಾಗವೊಂದಿದೆ. ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕಬೇಕು ಎಂಬ ಸುದ್ದಿಯನ್ನು ಸ್ನಾಯು ಮತ್ತು ಕೀಲುಗಳು ಮೆದುಳಿಗೆ ಕಳಿಸುತ್ತಿರುತ್ತವೆ. ಕೆಲವು ಮಕ್ಕಳಿಗೆ ಈ ಸುದ್ದಿ ಸಾಲದು, ಹಾಗಾಗಿ ತಿರುಗುತ್ತಾರೆ, ಜಿಗಿಯುತ್ತಾರೆ, ಡಿಕ್ಕಿ ಹೊಡೆಯುತ್ತಾರೆ. ಇನ್ನು ಕೆಲವರಿಗೆ ಅದೇ ಸುದ್ದಿ ವಿಪರೀತವಾಗಿ ಗದ್ದಲವಾಗುತ್ತದೆ. ಇದನ್ನು ಮೊದಲು ಕ್ರಮವಾಗಿ ವಿವರಿಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಅವರ ಪುಸ್ತಕ ಬಂದದ್ದು 1972ರಲ್ಲಿ. ಆ ಸುದ್ದಿಯನ್ನು ಹದಗೊಳಿಸುವ ಇಂಥ ಆಟವೊಂದೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳಲಾರೆ. ಮಗು ಸಮಾಧಾನದಿಂದ ಕಲಿಯುವ ಸ್ಥಿತಿಗೆ ಬರಲು ಅದು ನೆರವಾಗುತ್ತದೆ. ಕಲಿಸುವ ಕೆಲಸ ಅಲ್ಲಿಂದ ಮುಂದೆ ಶುರು.

‘ಆಕ್ಯುಪೇಷನ್’ ಎಂದರೆ ನೌಕರಿ ಎಂದುಕೊಂಡು, ‘ನಾಲ್ಕು ವರ್ಷದವನಿಗೆ ಎಂಥ ನೌಕರಿ?’ ಎಂದು ಕೇಳಿದವರೂ ಇದ್ದಾರೆ. ಮನುಷ್ಯನ ದಿನವನ್ನು ತುಂಬುವ ಕೆಲಸಗಳೆಲ್ಲ ಈ ಮಾತಿನಲ್ಲಿ ಸೇರುತ್ತವೆ: ಉಣ್ಣುವುದು, ಉಡುವುದು, ಬರೆಯುವುದು. ಮಗುವಿನ ದಿನದಲ್ಲಿ ಬಹುಪಾಲು ಆಟ. ಭಾರತದಲ್ಲಿ ಈ ವಿದ್ಯೆಯ ಮೊದಲ ಶಾಲೆಯನ್ನು 1950ರಲ್ಲಿ ಮುಂಬೈಯಲ್ಲಿ ತೆರೆದವರು ಕಮಲಾ ನಿಂಬಕರ್. ಎಪ್ಪತ್ತು ವರ್ಷ ದಾಟಿದರೂ ನಮ್ಮ ಕಡೆ ‘ಅದೇನು, ಫಿಸಿಯೋನಾ?’ ಎಂದೇ ಕೇಳುತ್ತಾರೆ. ನಮ್ಮವರು ಸಿಗುವುದೇ ಅಪರೂಪವಾದ ಸೀಮೆ ಇದು, ಕೇಳದೆ ಇನ್ನೇನು ಮಾಡಿಯಾರು?

ಈಗ ನಿಮ್ಮ ಕೂಲಿಯ ವಿಷಯ. ವಾರಕ್ಕೆ ಎರಡು ತಾಸಿನ ಥೆರಪಿಯಿಂದ ಮಗು ಬದಲಾಗುವುದಿಲ್ಲ. ಆ ಎರಡು ತಾಸಿನಲ್ಲಿ ನೀವು ಕಲಿತು ಮನೆಯಲ್ಲಿ ಮಾಡುವುದರಿಂದ ಬದಲಾಗುತ್ತದೆ. ನಿಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಒಳಗೆ ಕೂರುತ್ತೇನೆ ಎಂದು ಕೇಳಿ. ಈ ಮೂರು ತಿಂಗಳಲ್ಲಿ ಮಗ ಏನು ಮಾಡಬೇಕೆಂದು ಗುರಿ ಇಟ್ಟಿದ್ದೀರಿ, ಇವತ್ತಿನ ಆಟ ಯಾವ ಗುರಿಗೆ, ಮನೆಯಲ್ಲಿ ನಾವೇನು ಮಾಡಬೇಕು ಎಂದೂ ಕೇಳಿ. ಈ ಮಾತಿಗೆ ಮುಖ ಗಂಟಿಕ್ಕುವ ಥೆರಪಿಸ್ಟ್ ಬಳಿಗೆ ಹೋಗುವ ಅಗತ್ಯವಿಲ್ಲ.

ಮನೆಯಲ್ಲಿ ನಿಮ್ಮ ಕೆಲಸವನ್ನೇ ಚಿಕ್ಕದು ಮಾಡಿ ಅವನಿಗೆ ಕೊಡಿ. ಒಂದು ಕಿಲೋ ಅಕ್ಕಿಯ ಪುಟ್ಟ ಚೀಲ ಕಟ್ಟಿ, ಪಡಸಾಲೆಯಿಂದ ಅಡುಗೆಮನೆಯ ಅಜ್ಜಿಗೆ ‘ಲೋಡ್’ ಮುಟ್ಟಿಸಲಿ. ಅಜ್ಜಿ ಎರಡೂ ಕೈ ಚಾಚಿ ಕಾಯಬೇಕು, ಅವನು ಮುಖ ನೋಡಿ ಕೊಡುವವರೆಗೆ. ಎಳೆಯುವುದು, ತಳ್ಳುವುದು, ಹೊರುವುದು ಇಂಥ ಮಕ್ಕಳ ಮೈಯನ್ನು ಶಾಂತ ಮಾಡುತ್ತದೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಸಾಕು. ಜೋಕಾಲಿಯಲ್ಲಿ ಜೋರಾಗಿ ಗಿರಗಿರ ತಿರುಗಿಸಬೇಡಿ. ಮುಖ ಬಿಳಿಚಿಕೊಂಡರೆ, ಬೆವರಿದರೆ, ವಾಕರಿಸಿದರೆ ತಕ್ಷಣ ನಿಲ್ಲಿಸಿ. ತುದಿಗಾಲ ನಡಿಗೆಯಿಂದ ಹಿಮ್ಮಡಿಯ ಹಿಂದಿನ ಸ್ನಾಯು ಬಿಗಿದಿದೆಯೇ ಎಂದು ಡಾಕ್ಟರು ಒಮ್ಮೆ ಪಾದವನ್ನು ಬಾಗಿಸಿ ನೋಡಲಿ.

ಖರ್ಚಿಗೆ ದಾರಿಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಶಾಲೆಗಳಿಗೇ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ತೊಂದರೆ ಕಂಡ ಮಕ್ಕಳಿಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ (ತೊಂದರೆ ಕಂಡ ಕೂಡಲೇ ಚಿಕಿತ್ಸೆ ಶುರು ಮಾಡುವ ಡಿಇಐಸಿ) ಹಣ ಪಡೆಯದೆ ಸೇವೆ ಕೊಡಬೇಕೆಂಬುದು ಅದರ ನಿಯಮ. ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ತಂಡ ಬರುವ ದಿನ ತಿಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದ್ದು, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ. ಕಾರ್ಡ್ ಮಾಡಿಸಲು ಒಂದು ದಿನದ ಕೂಲಿ ಹೋದರೂ ಹೋಗಲಿ, ಮುಂದೂಡಬೇಡಿ.

ಪ್ರಶ್ನೆ: ಮಗಳಿಗೆ ಮೂರು ವರ್ಷ. ಎಡಗೈ ಯಾವಾಗಲೂ ಮುಷ್ಟಿ ಕಟ್ಟಿರುತ್ತದೆ, ಎಲ್ಲವನ್ನೂ ಬಲಗೈಯಲ್ಲೇ ಮಾಡುತ್ತಾಳೆ. ಎಂಟು ತಿಂಗಳಿದ್ದಾಗಲೇ ಹಾಗಿತ್ತು. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಹಾನಿಯಾಗಿ ಕೈಕಾಲಿನ ಚಲನೆ ಕೆಡುವ ಸ್ಥಿತಿ) ಎಂದಿದ್ದಾರೆ. ‘ಎಡಗೈ ತಾನೇ, ಊಟಕ್ಕೂ ಬೇಡ, ಕೊಡುವುದಕ್ಕೂ ಬೇಡ, ಬಿಡು’ ಎನ್ನುತ್ತಾರೆ ನಮ್ಮ ಅತ್ತೆ. ಬಲಗೈಯನ್ನು ಕಟ್ಟಿಹಾಕಿದರೆ ಎಡಗೈ ಬರುತ್ತದೆ ಎಂದು ಯಾರೋ ಹೇಳಿದರು. ಕಟ್ಟಬಹುದೇ? — ಕುಷ್ಟಗಿ

ಉತ್ತರ: ತಂಗೀ, ನಿಮ್ಮಷ್ಟಕ್ಕೆ ನೀವೇ ಕಟ್ಟಬೇಡಿ. ಅಂಥ ಪದ್ಧತಿ ಇರುವುದು ನಿಜ. ಚೆನ್ನಾಗಿರುವ ಕೈಗೆ ಗ್ಲೌಸ್ ಹಾಕಿ ದಿನಕ್ಕೆ ಇಂತಿಷ್ಟು ಹೊತ್ತು, ಇಂತಿಷ್ಟು ವಾರ ಎಂದು ಲೆಕ್ಕ ಹಾಕಿ, ಥೆರಪಿಸ್ಟ್ ನಿಗಾದಲ್ಲಿ ಆಟವಾಗಿಯೇ ನಡೆಸುವಂಥದ್ದು ಅದು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಎರಡು ವರ್ಷದ ಹುಡುಗಿಯೊಬ್ಬಳ ಬಲಗೈಗೆ ಕಾಲುಚೀಲ ಹಾಕಿ, ಮಣಿಕಟ್ಟಿಗೆ ದಾರ ಸುತ್ತಿ, ಎದುರಿಗೆ ಬಿಸ್ಕತ್ ಇಟ್ಟೆ. ಎಡಗೈ ಚಾಚಲಿ ಎಂದು ಹಟ ಹಿಡಿದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು, ಬಿಸ್ಕತ್ತಿನ ಕಡೆ ನೋಡಲೂ ಇಲ್ಲ. ಆಮೇಲೆ ಮೂರು ವಾರ ನನ್ನ ಕೋಣೆಯ ಹೊಸ್ತಿಲು ಕಂಡರೆ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆ ಮೂರು ವಾರವನ್ನು ನಾನು ಆ ಮಗುವಿನಿಂದ ಕಿತ್ತುಕೊಂಡೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಅತ್ತೆಯವರಿಗೆ ಒಂದು ಮಾತು ಹೇಳಿ. ಅವರು ಜೋಳದ ರೊಟ್ಟಿ ತಟ್ಟುವಾಗ ತಮ್ಮ ಎಡಗೈಯನ್ನೇ ನೋಡಿಕೊಳ್ಳಲಿ. ಬಲಗೈ ತಟ್ಟುತ್ತಿದ್ದರೆ ಎಡಗೈ ಸುಮ್ಮನಿರುತ್ತದೆಯೇ? ಅಂಚು ಹರಿಯದಂತೆ ತಡೆದು ಹಿಡಿದು ರೊಟ್ಟಿಯನ್ನು ತಿರುಗಿಸುತ್ತಿರುತ್ತದೆ. ನಿಮ್ಮ ಮಗಳ ಎಡಗೈಗೆ ನಾವು ಬಯಸುವುದು ಅಷ್ಟೇ, ಹಿಡಿಯುವ, ತಡೆಯುವ, ನೆರವಾಗುವ ಕೈ ಆಗಲಿ ಎಂದು. ಅದು ಬಲಗೈಯಷ್ಟು ಚುರುಕಾಗದಿದ್ದರೂ ಲಂಗದ ಲಾಡಿ ಕಟ್ಟಿಕೊಳ್ಳಲು, ಬುತ್ತಿಯ ಡಬ್ಬಿ ತೆಗೆಯಲು, ಜಡೆ ಹಾಕಿಕೊಳ್ಳಲು ಆ ನೆರವು ಬೇಕೇ ಬೇಕು.

ಆದ್ದರಿಂದ ಒಂದೇ ಕೈಯಲ್ಲಿ ಆಡಲಾಗದ ಆಟ ಹುಡುಕಿ. ದೊಡ್ಡ ಚೆಂಡು, ಬಿಗಿ ಮುಚ್ಚಳದ ಡಬ್ಬಿಯೊಳಗೆ ಅವಳಿಗೆ ಇಷ್ಟವಾದದ್ದೇನಾದರೂ, ಬಾಳೆಹಣ್ಣಿನ ಸಿಪ್ಪೆ ಸುಲಿಯುವುದು, ನಿಮ್ಮ ಹಳೆಯ ಬಳೆಗಳನ್ನು ಹಗ್ಗಕ್ಕೆ ಪೋಣಿಸುವುದು. ಅತ್ತೆಯ ಪಕ್ಕದಲ್ಲಿ ಅವಳಿಗೂ ಒಂದು ಪುಟ್ಟ ಕೊಣಮಿಗೆ, ಒಂದು ಹಿಡಿ ನಾದಿದ ಹಿಟ್ಟು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಎರಡೂ ಕೈ ಜೇಡಿಯಲ್ಲಿ ಮುಳುಗಲಿ. ಕೊಂಬು, ಹಿಣಿಲು ನೀವು ಮಾಡಿ, ಹೊಟ್ಟೆಯನ್ನು ಅವಳು ಒತ್ತಲಿ. ನಿಮ್ಮ ಜಿಲ್ಲೆಯ ಕಿನ್ನಾಳದ ಬೊಂಬೆ ಕಂಡರೆ ನನಗೆ ಬಲು ಪ್ರೀತಿ. ಬಣ್ಣದ ಹಕ್ಕಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಮುಂದೆ ಇಟ್ಟುಬರುವ ಕೆಲಸ ಕೊಟ್ಟರೆ ಅವಳು ಎಷ್ಟು ಜಾಗ್ರತೆಯಿಂದ ಹಿಡಿಯುತ್ತಾಳೆ ನೋಡಿ. (ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಕೊಡಬಾರದು.)

ಒಂದು ಸಣ್ಣ ಕೈಚಳಕ ಹೇಳಿಕೊಡುತ್ತೇನೆ. ಬಿಗಿದ ಮುಷ್ಟಿಯನ್ನು ಬೆರಳ ತುದಿ ಹಿಡಿದು ಎಳೆಯಬಾರದು, ಎಳೆದಷ್ಟೂ ಬಿಗಿಯುತ್ತದೆ. ಮೊದಲು ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ, ಅಂಗೈ ಕಡೆಗೆ ಬಾಗಿಸಿ. ಬೆರಳುಗಳು ತಾವಾಗಿಯೇ ಸಡಿಲಾಗುತ್ತವೆ. ಆಮೇಲೆ ಹೆಬ್ಬೆರಳನ್ನು ಅದರ ಬುಡದಿಂದ ಹೊರಕ್ಕೆ ತನ್ನಿ. ಅಂಗೈ ತೆರೆಯುತ್ತದೆ.

ಇದನ್ನು ಓದುವ ಎಳೆಗೂಸಿನ ತಾಯಂದಿರಿಗೆ: ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ‘ಬಲಗೈಯವಳು’ ಎಂದು ಖುಷಿಪಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆ ವಯಸ್ಸಿನಲ್ಲಿ ಎರಡೂ ಕೈ ಆಡಬೇಕು.

ಪ್ರಶ್ನೆ: ಮೊಮ್ಮಗನಿಗೆ ಐದು ತುಂಬಿಲ್ಲ, ಯುಕೆಜಿ. ಬರೆಯುವುದಿಲ್ಲ ಎಂದು ದಿನವೂ ಡೈರಿಯಲ್ಲಿ ದೂರು. ಪೆನ್ಸಿಲ್ ಹಿಡಿದರೆ ಹಾಳೆ ಹರಿಯುವಷ್ಟು ಒತ್ತುತ್ತಾನೆ, ಎರಡು ಸಾಲಿಗೆ ಕೈ ನೋವು ಎಂದು ಅಳುತ್ತಾನೆ. ಸೊಸೆ ಟ್ಯೂಷನ್‌ಗೆ ಹಾಕಿದ್ದಾಳೆ. ಮಗು ಆಟವನ್ನೇ ಮರೆತಿದೆ. — ಅಜ್ಜಿ, ದೇವದುರ್ಗ

ಉತ್ತರ: ಅಮ್ಮಾ, ಮೊದಲು ಆ ಟ್ಯೂಷನ್ ಬಿಡಿಸಿ. ಸೊಸೆಯವರ ಮೇಲೆ ಸಿಟ್ಟಾಗಬೇಡಿ, ದಿನವೂ ಡೈರಿಯಲ್ಲಿ ಕೆಂಪು ಶಾಯಿ ನೋಡುವ ತಾಯಿಗೆ ಭಯವಾಗುವುದು ಸಹಜ.

ನಿಂತ ಗೆರೆ, ಅಡ್ಡ ಗೆರೆ ಎರಡರಿಂದ ಮೂರು ವರ್ಷದೊಳಗೆ, ವೃತ್ತ ಮೂರಕ್ಕೆ, ಕೂಡಿಸುವ ಚಿಹ್ನೆಯಂಥ ಗೆರೆ ನಾಲ್ಕರ ಸುಮಾರಿಗೆ, ತ್ರಿಕೋನ ಐದಕ್ಕೆ ಬರುತ್ತದೆ. ಪೆನ್ಸಿಲ್ ಹಿಡಿತ ಗಟ್ಟಿಯಾಗುವುದು ನಾಲ್ಕರಿಂದ ಆರರ ನಡುವೆ. ಕೈ ಸಿದ್ಧವಾಗದ ಮಗುವಿನಿಂದ ಸುತ್ತು, ತಲೆಕಟ್ಟು, ಒತ್ತು ಎಲ್ಲವೂ ಇರುವ ನಮ್ಮ ಅಕ್ಷರಗಳನ್ನು ಸಾಲುಸಾಲಾಗಿ ಬರೆಸುವುದು ಎಳೆ ಕರುವಿನ ಹೆಗಲಿಗೆ ನೊಗ ಹೂಡಿದ ಹಾಗೆ. ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ‘ರ ಗ ಸ ದ ಅ’ ಎಂದು ಕಲಿಸುವುದು ಸುಮ್ಮನಲ್ಲ, ಒಂದರ ಆಕಾರದಿಂದ ಇನ್ನೊಂದು ಹೊರಡುವ ಸುಲಭ ಅಕ್ಷರಗಳು ಮೊದಲು ಬರಲಿ ಎಂದು.

ಬರೆಯುವ ಬಲ ಭುಜದಿಂದ ಇಳಿದು ಬೆರಳಿಗೆ ಬರುತ್ತದೆ. ಮರ ಹತ್ತಲಿ, ಬಕೆಟ್ ಎತ್ತಲಿ, ನಾಲ್ಕು ಕಾಲಲ್ಲಿ ಕುದುರೆಯಾಗಲಿ. ಆಮೇಲೆ ನಿಮ್ಮ ಜೊತೆ ಕುಳಿತು ಶೇಂಗಾ ಸುಲಿಯಲಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒತ್ತಿ ಒಡೆಯುವ ಆ ಒಂದು ‘ಚಟ್’ ಸದ್ದಿನಲ್ಲಿರುವ ವ್ಯಾಯಾಮ ನಾಲ್ಕು ಗೆರೆಯ ಪುಸ್ತಕದಲ್ಲಿಲ್ಲ. ಗಜ್ಜುಗ ಆಡಿಸಿ. ಗೋಡೆಗೆ ಪಾಟಿ ತೂಗುಹಾಕಿ, ನಿಂತು ಬರೆಯಲಿ, ಮಣಿಕಟ್ಟು ತಾನೇ ಸರಿಯಾದ ಕೋನಕ್ಕೆ ಬರುತ್ತದೆ. ಬಳಪವನ್ನು ಹೆಬ್ಬೆರಳ ಉಗುರಿನಷ್ಟು ಗಿಡ್ಡ ತುಂಡು ಮಾಡಿ ಕೊಡಿ, ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ. ಕಣ್ಣಿನ ತಪಾಸಣೆಯೂ ಆಗಲಿ. ಆರು ತುಂಬಿದ ಮೇಲೂ ಹೀಗೇ ಇದ್ದರೆ ಕರೆದುಕೊಂಡು ಬನ್ನಿ.

ಪ್ರಶ್ನೆ: ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ, ಪೀಸಿನ ಲೆಕ್ಕ. ಏಳು ವರ್ಷದ ಮಗನಿಗೆ ಆಟಿಸಂ. ಗುಂಡಿ ಹಾಕಿಕೊಳ್ಳುವುದಿಲ್ಲ, ಹೊಸ ಅಂಗಿ ತೊಡಿಸಿದರೆ ಕಿತ್ತೆಸೆಯುತ್ತಾನೆ. ಆನ್‌ಲೈನ್‌ನಲ್ಲಿ ಆರು ಸಾವಿರಕ್ಕೆ ‘ಸೆನ್ಸರಿ ಕಿಟ್’ (ಮುಟ್ಟಿ, ಒತ್ತಿ ಆಡುವ ಸಾಮಾನುಗಳ ಪೆಟ್ಟಿಗೆ) ಸಿಗುತ್ತದೆ. ಸಾಲ ಮಾಡಿ ತರಿಸಲೇ? — ಕೌಲ್ ಬಜಾರ್, ಬಳ್ಳಾರಿ

ಉತ್ತರ: ಬೇಡವೇ ಬೇಡ. ನಿಮ್ಮ ಕಾಲ ಬುಡದಲ್ಲಿ ಬಿದ್ದಿರುವ ತುಂಡುಗಳಲ್ಲಿ ಅದಕ್ಕಿಂತ ಒಳ್ಳೆಯ ಕಿಟ್ ಇದೆ.

ವಾಷಿಂಗ್ ಆಗಿ ಮೆತ್ತಗಾದ ಜೀನ್ಸ್ ತುಂಡನ್ನು ಒಂದು ಹಲಗೆಗೆ ಹೊಡೆಯಿರಿ. ಅದಕ್ಕೆ ದೊಡ್ಡ ಗುಂಡಿ, ಗುಂಡಿಗಿಂತ ತುಸು ದೊಡ್ಡದಾದ ಕಾಜ. ಪಕ್ಕದಲ್ಲಿ ಒಂದು ಜಿಪ್, ಅದರ ಹಿಡಿಗೆ ಬೆರಳು ತೂರುವಷ್ಟು ದಾರದ ಉಂಗುರ. ಈಗ ಹಿಂದುಮುಂದಾಗಿ ಕಲಿಸಿ. ಗುಂಡಿಯನ್ನು ಮುಕ್ಕಾಲು ಪಾಲು ನೀವೇ ಕಾಜದಲ್ಲಿ ತೂರಿಸಿ, ಕೊನೆಯ ಎಳೆತ ಮಾತ್ರ ಅವನದು. ‘ಹಾಕಿದೆ!’ ಎಂಬ ಗೆಲುವು ಮೊದಲ ದಿನವೇ ಅವನಿಗೆ ಸಿಗಬೇಕು. ಅದು ಪಳಗಿದ ಮೇಲೆ ಅರ್ಧ ತೂರಿಸಿ ಬಿಡಿ. ಕೊನೆಗೆ ಗುಂಡಿ ಹಿಡಿಯುವುದರಿಂದ ಹಿಡಿದು ಎಲ್ಲವೂ ಅವನದೇ. ನನ್ನ ಕೋಣೆಯಲ್ಲಿರುವ ಇಂಥ ಹಲಗೆಯನ್ನು ಹೊಲಿದುಕೊಟ್ಟವರು ನಿಮ್ಮ ಹಾಗೆ ಪೀಸ್ ಲೆಕ್ಕದಲ್ಲಿ ದುಡಿಯುವ ತಾಯಿಯೇ. ಹಲಗೆಯ ಮೇಲೆ ಬಂದದ್ದು ಮೈಮೇಲಿನ ಅಂಗಿಗೆ ಬರಲು ಇನ್ನೂ ಸ್ವಲ್ಪ ಕಾಲ ಹಿಡಿಯುತ್ತದೆ. ಮೊದಲು ನಿಮ್ಮ ಅಂಗಿಯನ್ನೇ ಅವನಿಗೆ ಸಡಿಲವಾಗಿ ತೊಡಿಸಿ ಅಭ್ಯಾಸ ಮಾಡಿಸಿ.

ಹೊಸ ಬಟ್ಟೆ ಕಿತ್ತೆಸೆಯುವುದು ಹಟದಿಂದಲ್ಲ. ನಮಗೆ ತಾಕಿದ್ದೂ ತಿಳಿಯದ ಲೇಬಲ್ ಅವನಿಗೆ ಮುಳ್ಳಿನಂತೆ ಚುಚ್ಚುತ್ತಿರಬಹುದು. ಲೇಬಲ್ ಬಿಚ್ಚಿ, ನಾಲ್ಕು ಸಲ ಒಗೆದು, ಬೇಕಾದರೆ ಹೊಲಿಗೆ ಹೊರಗಾಗುವಂತೆ ತಿರುವಿ ತೊಡಿಸಿ. ತೊಡಿಸುವ ಮುನ್ನ ತೋಳು, ಬೆನ್ನನ್ನು ಅಂಗೈಯಿಂದ ಗಟ್ಟಿಯಾಗಿ, ನಿಧಾನವಾಗಿ ಒತ್ತಿ. ಹಗುರವಾಗಿ ಸವರಿದರೆ ಇಂಥ ಮಕ್ಕಳು ಇನ್ನಷ್ಟು ರೇಗುತ್ತಾರೆ. ಮೆಷಿನ್ ಶುರು ಮಾಡುವ ಮುನ್ನ ‘ಈಗ ಸದ್ದು ಬರುತ್ತದೆ’ ಎಂದು ಹೇಳಿ, ಬೇಕೆನಿಸಿದರೆ ಅವನು ಆಚೆ ಹೋಗಲಿ. ಸೂಜಿ, ಬಿಡಿ ಗುಂಡಿ ಕೈಗೆ ಸಿಗದಂತೆ ಇಡುವುದು ನಿಮಗೆ ಹೇಳಿಕೊಡಬೇಕಾದ ಮಾತಲ್ಲ, ಆದರೂ ಹೇಳುತ್ತೇನೆ.

ಪ್ರಶ್ನೆ: ನಾನು ಆರನೇ ತರಗತಿ. ನನ್ನ ತಮ್ಮನಿಗೆ ಆರು ವರ್ಷ, ಅವನಿಗೆ ಥೆರಪಿ ಮಾಡಿಸುತ್ತಾರೆ. ಅಪ್ಪ, ಅಮ್ಮ ದಿನವೂ ಅವನ ಜೊತೆ ಆಟ ಆಡುತ್ತಾರೆ. ನನ್ನ ಜೊತೆ ಯಾರೂ ಆಡುವುದಿಲ್ಲ. ನೀನು ದೊಡ್ಡವಳು ಎನ್ನುತ್ತಾರೆ. ಇದನ್ನು ಅಮ್ಮನಿಗೆ ಹೇಳಬೇಡಿ. — ಸಂಡೂರು

ಉತ್ತರ: ಮಗಳೇ, ನಿನ್ನ ಪತ್ರವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿನಗೆ ಬೇಸರವಾಗಿರುವುದು ಸರಿಯಾಗಿಯೇ ಇದೆ. ಹಾಗೆ ಅನ್ನಿಸಿದ್ದಕ್ಕೆ ನೀನು ಕೆಟ್ಟ ಅಕ್ಕ ಆಗುವುದಿಲ್ಲ. ಹನ್ನೊಂದು ವರ್ಷದವಳು ದೊಡ್ಡವಳೂ ಅಲ್ಲ.

ನಿನ್ನ ಅಮ್ಮನಿಗೆ ನಾನು ಹೇಳುವುದಿಲ್ಲ. ಆದರೆ ಈ ಪುಟ ಓದುವ ಎಲ್ಲ ಅಪ್ಪ, ಅಮ್ಮಂದಿರಿಗೆ ಹೇಳುತ್ತೇನೆ: ಥೆರಪಿಗೆ ಹೋಗುವ ಮಗುವಿನ ಅಣ್ಣ, ಅಕ್ಕ, ತಂಗಿಯರಿಗೆ ವಾರದಲ್ಲಿ ಒಂದು ತಾಸು ಮೀಸಲಿಡಿ. ಆ ಹೊತ್ತಿನಲ್ಲಿ ಥೆರಪಿಯ ಮಾತು ಬರಬಾರದು, ತಮ್ಮನ ಹೆಸರೂ ಬರಬಾರದು. ಅಕ್ಕನನ್ನು ಪುಟ್ಟ ಥೆರಪಿಸ್ಟ್ ಮಾಡಿಬಿಡಬೇಡಿ, ಅವಳೂ ಆಡಲಿ. ನಾನೂ ತಪ್ಪಿತಸ್ಥಳೇ. ಎಷ್ಟೋ ಅಕ್ಕಂದಿರಿಗೆ ‘ತಮ್ಮನಿಗೆ ಹೇಳಿಕೊಡು’ ಎಂದಿದ್ದೇನೆಯೇ ಹೊರತು ‘ನಿನಗೇನು ಇಷ್ಟ?’ ಎಂದು ಕೇಳಿದ್ದು ಕಡಿಮೆ.

ಈಗ ಕೇಳುತ್ತಿದ್ದೇನೆ. ನಿನಗೆ ಯಾವ ಆಟ ಇಷ್ಟ? ಲಗೋರಿಯೇ, ಕುಂಟಾಬಿಲ್ಲೆಯೇ, ಚೌಕಾಬಾರವೇ? ಮುಂದಿನ ಪತ್ರದಲ್ಲಿ ಬರೆ. ಚೌಕಾಬಾರವಾದರೆ ಮನೆಯನ್ನು ಬಿಡಿಸಿ, ನಿನ್ನ ಮೊದಲ ಕಾಯಿಯನ್ನು ಎಲ್ಲಿ ನಡೆಸಿದೆ ಎಂದು ಗುರುತು ಹಾಕಿ ಕಳಿಸು. ನನ್ನ ಕಾಯಿಯನ್ನು ನಾನು ಇಲ್ಲಿಂದ ನಡೆಸುತ್ತೇನೆ.